ಚಿಕ್ಕತಾಯಮ್ಮನ ಹೊಂಡದ ರೋಮನ್ ಬೆಳ್ಳಿ

ಹಳೆಯ ನಾಣ್ಯಗಳ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಈಗಲೂ ರಾಮನಗರದ ಐಜೂರಿನ ನನ್ನ ಮನೆ ಹುಡುಕಿಕೊಂಡು ಬರುತ್ತಾರೆ. ಕಾಫಿ ಕೊಡುತ್ತೇನೆ, ಗೊತ್ತಿರುವಷ್ಟು ಹೇಳುತ್ತೇನೆ. ಹೊರಡುವಾಗ ಒಬ್ಬರಾದರೂ ಬಾಗಿಲಲ್ಲಿ ನಿಂತು, "ಮೇಡಂ, ಕೆಲಸದಲ್ಲಿ ನಿಮಗೆ ತುಂಬಾ ತೃಪ್ತಿ ಕೊಟ್ಟ ಘಟನೆ ಯಾವುದು?" ಎಂದು ಕೇಳಿಯೇ ಕೇಳುತ್ತಾರೆ. ತೃಪ್ತಿಯಂತೆ ತೃಪ್ತಿ. ನನಗೆ ನೆನಪಿರುವುದೆಲ್ಲ ಮೈ ಉರಿದ ಘಟನೆಗಳೇ. ಅವನ್ನೇ ಬರೆಯುತ್ತೇನೆ. ತೃಪ್ತಿ ಬೇಕಾದವರು ನನ್ನ ಬೀಳ್ಕೊಡುಗೆಯ ದಿನ ಆದ ಭಾಷಣಗಳನ್ನು ಯಾರಿಂದಲಾದರೂ ಕೇಳಿ ತಿಳಿದುಕೊಳ್ಳಲಿ.

ನಾನು ಮಾಗಡಿ ಕಡೆಯವಳು. ಇತಿಹಾಸದಲ್ಲಿ ಎಂ.ಎ. ಮಾಡಿ ಸರ್ಕಾರಿ ಕಚೇರಿಯೊಂದರ ನಾಣ್ಯ ವಿಭಾಗಕ್ಕೆ ಸೇರಿದೆ, ಅಲ್ಲೇ ನಿವೃತ್ತಳಾದೆ. ಯಾವ ಕಚೇರಿ ಎಂದು ಹೇಳುವುದಿಲ್ಲ. ಮುಂದೆ ಬರುವ ಜನರ ಹೆಸರುಗಳನ್ನು ಬದಲಿಸಿದ್ದೇನೆ, ಹುಡುಕಲು ಹೋಗಬೇಡಿ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಪಾಯ ತೋಡುವಾಗಲೋ ಹೊಲ ಉಳುವಾಗಲೋ ಹಳೆಯ ಕಾಸು ಸಿಕ್ಕಿತು ಎಂದರೆ ಹೋಗಿ ನೋಡಿ, ಯಾವ ಕಾಲದ್ದು, ಯಾರದ್ದು ಎಂದು ಗುರುತಿಸುವುದು ನನ್ನ ಕೆಲಸ. ಕೇಳಲು ಸೊಗಸಾಗಿದೆ. ಮಾಡಿ ನೋಡಿ, ಗೊತ್ತಾಗುತ್ತದೆ.

ಮೊದಲು ಅಕ್ಕಿಯ ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ನಿಮಗೆ ಮೊದಲು ಎದುರಾಗುವುದು ಅದೇ. ನಮ್ಮ ಕಡೆ ಅದಕ್ಕೆ ರೈಸ್ ಪುಲ್ಲಿಂಗ್ ಎನ್ನುತ್ತಾರೆ. ಸಿಡಿಲು ಬಡಿದ ಹಳೆಯ ನಾಣ್ಯಕ್ಕೆ ಶಕ್ತಿ ಬಂದಿರುತ್ತದಂತೆ. ಅಕ್ಕಿಯ ಹತ್ತಿರ ಹಿಡಿದರೆ ಕಾಳುಗಳು ತಾವಾಗಿ ಎದ್ದು ಬಂದು ಅದಕ್ಕೆ ಅಂಟಿಕೊಳ್ಳುತ್ತವಂತೆ. ಅಂಥ ನಾಣ್ಯಕ್ಕೆ ಹೊರದೇಶದಲ್ಲಿ ಕೋಟಿಗಟ್ಟಲೆ ಕೊಡುತ್ತಾರಂತೆ. ಮಾಗಡಿಯ ನಿವೃತ್ತ ಮೇಷ್ಟ್ರೊಬ್ಬರು ಅಂಥದ್ದೊಂದನ್ನು ಕೆಂಪು ಬಟ್ಟೆಯಲ್ಲಿ ಸುತ್ತಿಕೊಂಡು ಕಚೇರಿಗೆ ತಂದರು. ಜೊತೆಗೆ ಅಕ್ಕಿಯನ್ನೂ ತಂದಿದ್ದರು. ಅವರಿಗೆ ಅದನ್ನು ಮಾರಿದವರು ನಾಣ್ಯದ ಹೊಟ್ಟೆಯೊಳಗೆ ಅಯಸ್ಕಾಂತ ಇಟ್ಟು ಬೆಸುಗೆ ಹಾಕಿದ್ದರು, ಅಕ್ಕಿಗೆ ಕಬ್ಬಿಣದ ಪುಡಿ ಸವರಿದ್ದರು. ನಾನು ಅಕ್ಕಿಯನ್ನು ನಲ್ಲಿಯ ಕೆಳಗೆ ಚೆನ್ನಾಗಿ ತೊಳೆದು, ಈಗ ಎತ್ತಿಸಿ ಸಾರ್ ಎಂದೆ. ಒಂದು ಕಾಳೂ ಅಲ್ಲಾಡಲಿಲ್ಲ. "ನೀರು ಬಿದ್ರೆ ಶಕ್ತಿ ಹೋಗುತ್ತೆ ಅಂತ ಅವ್ರು ಮೊದಲೇ ಹೇಳಿದ್ರು ಮೇಡಂ. ನೀವು ಹಾಳು ಮಾಡಿಬಿಟ್ರಿ," ಎಂದು ನನ್ನ ಮೇಲೇ ರೇಗಿದರು. ವಿಜ್ಞಾನದ ಮೇಷ್ಟ್ರು ಅವರು. ಮಕ್ಕಳಿಗೆ ಅಯಸ್ಕಾಂತದ ಪಾಠ ಮಾಡಿದ ಮನುಷ್ಯ. ಇಂಥವರೊಡನೆ ವಾದಕ್ಕೆ ಇಳಿಯಬೇಡಿ, ಗಂಟಲು ನೋವು ಬಿಟ್ಟರೆ ಬೇರೇನೂ ಸಿಗುವುದಿಲ್ಲ.

ಮೋಸ ಮಾಡುವವರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಕಾಯಬೇಕಾದವರೇ ಕೈಯಾರೆ ಹಾಳು ಮಾಡುವುದನ್ನು ನೋಡಿದರೆ ರಕ್ತ ಕುದಿಯುತ್ತದೆ. ನಮ್ಮ ಕಚೇರಿಗೆ ಹಳೆಯ ಸಂಗ್ರಾಹಕರೊಬ್ಬರು ರೋಮನ್ ಪ್ರಾಂತೀಯ ನಾಣ್ಯಗಳನ್ನು ದಾನವಾಗಿ ಕೊಟ್ಟಿದ್ದರು. ಪ್ರಾಂತೀಯ ಎಂದರೆ ಏನೆಂದು ಇಲ್ಲೇ ಹೇಳುತ್ತೇನೆ. ರೋಮಿನ ಚಕ್ರವರ್ತಿಗಳ ಬೆಳ್ಳಿ, ಚಿನ್ನದ ನಾಣ್ಯ ಎಲ್ಲ ಕಡೆ ಓಡಾಡುತ್ತಿತ್ತು. ಆದರೆ ಈಗಿನ ಟರ್ಕಿ, ಸಿರಿಯಾ, ಈಜಿಪ್ಟ್ ಕಡೆಯ ಪಟ್ಟಣಗಳು ದಿನನಿತ್ಯದ ಚಿಲ್ಲರೆಯನ್ನು ತಾವೇ ಅಚ್ಚು ಹಾಕಿಕೊಳ್ಳುತ್ತಿದ್ದವು. ಒಂದು ಕಡೆ ಚಕ್ರವರ್ತಿಯ ಮುಖ, ಇನ್ನೊಂದು ಕಡೆ ತಮ್ಮೂರಿನ ದೇವರೋ ಗುಡಿಯೋ ನದಿಯೋ. ಅಕ್ಷರ ಸಾಮಾನ್ಯವಾಗಿ ಗ್ರೀಕ್. ಹೆಚ್ಚಿನವು ಕಂಚಿನವು, ಆಯಾ ಸೀಮೆಯ ಸಂತೆಗೆ ಮಾತ್ರ. ರೋಮಿನ ಕೈಕೆಳಗೆ ಇದ್ದುಕೊಂಡೇ ಒಂದು ಊರು ತನ್ನ ದೇವರನ್ನು ಕಾಸಿನ ಮೇಲೆ ಕೂರಿಸಿಕೊಂಡಿತ್ತಲ್ಲ, ನನಗೆ ಅವುಗಳ ಮೇಲೆ ಪ್ರೀತಿ ಹುಟ್ಟಿದ್ದು ಅದಕ್ಕೇ.

ಆ ನಾಣ್ಯಗಳನ್ನು ಪ್ರದರ್ಶನಕ್ಕೆ ಇಡಬೇಕು ಎಂದಾಯಿತು. ಉದ್ಘಾಟನೆಗೆ ದೊಡ್ಡವರು ಬರುವವರಿದ್ದರು. ಆಗಿನ ಮೇಲಧಿಕಾರಿ ಪೆಟ್ಟಿಗೆ ತೆಗೆದು ನೋಡಿ, "ಏನ್ರೀ ಇದು, ಪಾಚಿ ಕಟ್ಟಿದೆ, ತಿಕ್ಕಿಸಿ," ಎಂದು ಅಪ್ಪಣೆ ಮಾಡಿದರಂತೆ. ಎರಡು ಸಾವಿರ ವರ್ಷ ಕಂಚಿನ ಮೇಲೆ ಕೂತ ಹಸಿರು ಪದರ ಅದು, ನಾಣ್ಯದ ಚರ್ಮ. ನಾನು ಚನ್ನಪಟ್ಟಣಕ್ಕೆ ಹೋಗಿದ್ದೆ. ವಾಪಸು ಬರುವಷ್ಟರಲ್ಲಿ ಅಟೆಂಡರು ಹುಣಸೆಹಣ್ಣು, ಬೂದಿ ಹಾಕಿ, ಮನೆಯಲ್ಲಿ ಪೂಜೆ ಸಾಮಾನು ಬೆಳಗುವಂತೆ ಬೆಳಗಿ, ಬಿಸಿಲಿಗೆ ಹರವಿದ್ದ. ಫಳಫಳ ಹೊಳೆಯುತ್ತಿದ್ದವು. ಅಕ್ಷರವಿಲ್ಲ, ಗುಡಿಯಿಲ್ಲ, ದೇವರಿಲ್ಲ. ಅವನನ್ನು ಬೈದು ಏನು ಪ್ರಯೋಜನ, ಹೇಳಿದ ಕೆಲಸ ಶ್ರದ್ಧೆಯಿಂದ ಮಾಡಿದ್ದ. ಉದ್ಘಾಟನೆಗೆ ಬಂದವರು ಎಷ್ಟು ಚೆನ್ನಾಗಿ ಕಾಪಾಡಿದ್ದೀರಿ ಎಂದು ಮೆಚ್ಚಿದರು. ಮೇಲಧಿಕಾರಿ ಕೊರಳು ಬಗ್ಗಿಸಿ ಹಾರ ಹಾಕಿಸಿಕೊಂಡರು.

ಕೆಲಸದ ರೀತಿ ಬದಲಾಗಿದೆ ಎನ್ನುತ್ತಾರೆ. ಹೌದು, ಬದಲಾಗಿದೆ. ನಾವು ಮೇಣದಲ್ಲಿ ಅಚ್ಚು ತೆಗೆದು, ಕಾಗದ ಇಟ್ಟು ಪೆನ್ಸಿಲಿನಲ್ಲಿ ಉಜ್ಜಿ, ಒಂದು ನಾಣ್ಯದ ಮುಂದೆ ಅರ್ಧ ದಿನ ಕೂರುತ್ತಿದ್ದೆವು. ನೀವು ಫೋನಿನಲ್ಲಿ ಫೋಟೋ ಹಿಡಿದು ಹುಡುಕಿದರೆ ಚಕ್ರವರ್ತಿಯ ಹೆಸರು ಬಂದುಬಿಡುತ್ತದೆ. ಒಳ್ಳೆಯದೇ. ಆದರೆ ನಾಣ್ಯ ಯಾವ ನೆಲದಲ್ಲಿ, ಯಾವುದರ ಜೊತೆ, ಯಾರ ಕೈಗೆ ಸಿಕ್ಕಿತು ಎನ್ನುವುದು ಫೋನಿಗೆ ಗೊತ್ತಿಲ್ಲ. ಅದನ್ನು ಹೋಗಿಯೇ ಕೇಳಬೇಕು, ಬಸ್ಸು ಹತ್ತಬೇಕು, ಅವರ ಮನೆ ಜಗಲಿಯ ಮೇಲೆ ಕೂರಬೇಕು. ಸಿಕ್ಕಿದ ಜಾಗ ತಪ್ಪಿ ಹೋದ ನಾಣ್ಯ ಬರೀ ಲೋಹದ ಬಿಲ್ಲೆ. ಈ ಒಂದು ಮಾತು ಮರೆತದ್ದಕ್ಕೆ ಒಬ್ಬ ಹೆಂಗಸಿನ ಮಾನ ಹೇಗೆ ಬೀದಿಗೆ ಬಂತು ಎಂದು ಈಗ ಹೇಳುತ್ತೇನೆ.

ಚಿಕ್ಕತಾಯಮ್ಮನವರ ಊರು ಕನಕಪುರ ತಾಲ್ಲೂಕಿನ ಕೋಡಿಹಳ್ಳಿಯಿಂದ ಒಳಗೆ. ಒಂದಿಷ್ಟು ಹಿಪ್ಪುನೇರಳೆ, ರಾಗಿ, ಸೀಮೆ ಹಸು. ಮಗ ಹಾರೋಹಳ್ಳಿಯ ಫ್ಯಾಕ್ಟರಿಗೆ ಹೋಗಿ ಬರುತ್ತಾನೆ, ಮನೆಯ ಯಜಮಾನಿಕೆ ಮಾತ್ರ ಆಕೆಯದೇ. ಕೃಷಿಹೊಂಡ ತೆಗೆಸುವಾಗ ಜೆಸಿಬಿಯ ಬಕೆಟ್ಟಿಗೆ ಸಿಕ್ಕಿ ಮಣ್ಣಿನ ಕುಡಿಕೆಯೊಂದು ಒಡೆಯಿತು, ಬೆಳ್ಳಿ ಕಾಸು ಚೆಲ್ಲಿತು. ಆಕೆ ಅಲ್ಲಿದ್ದವರ ಕಣ್ಣೆದುರೇ ಎಲ್ಲವನ್ನೂ ಸ್ಟೀಲ್ ಡಬ್ಬಿಗೆ ತುಂಬಿ, ಮಾರನೆಯ ದಿನ ಬಸ್ಸು ಹತ್ತಿ ತಾಲ್ಲೂಕು ಕಚೇರಿಯ ಮೇಜಿನ ಮೇಲೆ ಇಟ್ಟರು. ನನಗೆ ಕರೆ ಬಂತು. ಡಬ್ಬಿ ನೋಡಿ ನನಗೆ ಕಣ್ಣೀರೇ ಬಂತು, ಯಾರೂ ತಿಕ್ಕಿರಲಿಲ್ಲ.

"ತೊಳೀಲಿಲ್ವಲ್ಲಮ್ಮ, ನಿಮಗೆ ಪುಣ್ಯ ಬರಲಿ," ಎಂದೆ.

"ತೊಳ್ಯಾಕೆ ಪುರುಸೊತ್ತೆಲ್ಲಿತ್ತವ್ವ, ಹಾಲು ಕರೆಯೋ ಹೊತ್ತಾಗಿತ್ತು," ಎಂದರು.

ಮನೆಯಲ್ಲಿಟ್ಟುಕೊಳ್ಳದೆ ಯಾಕೆ ತಂದಿರಿ ಎಂದು ಅಲ್ಲಿದ್ದ ಗುಮಾಸ್ತನೊಬ್ಬ ಕೇಳಿದ. ಚಿಕ್ಕತಾಯಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿ, "ಏನಪ್ಪ, ನಾನು ಬಿತ್ತಿದ್ದೇ ನಂಗೆ ಪೂರಾ ದಕ್ಕಾಕಿಲ್ಲ. ಬಿತ್ತದೇ ಇರೋದು ದಕ್ಕೀತಾ?" ಎಂದರು.

ಅವು ದಿನಾರಿಯಸ್ ಎಂಬ ರೋಮನ್ ಬೆಳ್ಳಿ ನಾಣ್ಯಗಳು. ಹೆಚ್ಚಿನವು ತಿಬೇರಿಯಸ್ ಚಕ್ರವರ್ತಿಯವು, ಕೆಲವು ಅವನಿಗಿಂತ ಹಿಂದಿನ ಅಗಸ್ಟಸನವು. ನಮ್ಮ ಕರಾವಳಿಯ ಮೆಣಸಿಗೆ ಹಡಗಿನಲ್ಲಿ ಬಂದ ಬೆಳ್ಳಿ, ಘಟ್ಟ ಹತ್ತಿ, ಕಾವೇರಿಯ ದಾರಿ ಹಿಡಿದು ಒಳನಾಡಿಗೆ ಬಂದದ್ದು. ಹಲವು ನಾಣ್ಯಗಳಲ್ಲಿ ಚಕ್ರವರ್ತಿಯ ಕೆನ್ನೆಗೆ ಉಳಿಯಿಂದ ಗೀರು ಹಾಕಿದ್ದರು. ಒಳಗೂ ಬೆಳ್ಳಿಯೇ ಇದೆಯೇ ಎಂದು ನೋಡಲು ಇಲ್ಲಿನವರು ಹೀಗೆ ಗೀರುತ್ತಿದ್ದರು ಎಂದು ಕೆಲವರು ಹೇಳುತ್ತಾರೆ, ಇದು ಇನ್ನು ನಾಣ್ಯವಲ್ಲ, ಬರೀ ಬೆಳ್ಳಿ ಎಂದು ಗುರುತು ಮಾಡುತ್ತಿದ್ದರು ಎಂದು ಇನ್ನು ಕೆಲವರು. ಅದನ್ನು ತೋರಿಸಿ ಹೇಳಿದಾಗ ಚಿಕ್ಕತಾಯಮ್ಮ ನಕ್ಕರು. "ನಮ್ಮೋರು ಆಗ್ಲೂವೆ ಯಾರ್ನೂ ನಂಬ್ತಿರ್ಲಿಲ್ಲ ಅನ್ನಿ," ಎಂದರು. ಆ ದಿನ ನಾವಿಬ್ಬರೂ ಖುಷಿಯಾಗಿದ್ದೆವು. ಎಲ್ಲವೂ ಅಲ್ಲಿಗೇ ಮುಗಿಯಬೇಕಿತ್ತು.

ಕನಕಪುರದಲ್ಲಿ ಮರಿಸ್ವಾಮಿ ಎಂಬ ಸಂಗ್ರಾಹಕರು ಇದ್ದರು. ಹುಟ್ಟೂರು ಕೋಡಿಹಳ್ಳಿ ಕಡೆ, ಸೈಟು ವ್ಯಾಪಾರದಲ್ಲಿ ಚೆನ್ನಾಗಿ ಕುದುರಿದವರು. ಅವರಿಗೆ ರೋಮನ್ ಪ್ರಾಂತೀಯ ನಾಣ್ಯಗಳ ಹುಚ್ಚು. ಹುಚ್ಚು ತಪ್ಪಲ್ಲ, ನನಗೂ ಇದೆ. ಹೊರದೇಶದ ಆನ್‌ಲೈನ್ ಹರಾಜುಗಳಲ್ಲಿ ಕೊಂಡು, ಗಾಜಿನ ಪೆಟ್ಟಿಗೆಗಳಲ್ಲಿ ಜೋಡಿಸಿ, ಊರ ಕಲ್ಯಾಣಮಂಟಪದಲ್ಲಿ ಪ್ರದರ್ಶನ ಇಟ್ಟರು. ಪತ್ರಿಕೆಯಲ್ಲಿ ಚಿಕ್ಕತಾಯಮ್ಮನ ಹೊಂಡದ ಸುದ್ದಿ ಬಂದು ಇನ್ನೂ ಬಿಸಿಯಾಗಿತ್ತು. ಮರಿಸ್ವಾಮಿಗೆ ಅದೇನು ತೋಚಿತೋ, ಒಂದು ಪೆಟ್ಟಿಗೆಯ ಕೆಳಗೆ "ನಮ್ಮ ಕೋಡಿಹಳ್ಳಿ ಸೀಮೆಯಲ್ಲಿ ದೊರೆತ ರೋಮನ್ ನಾಣ್ಯಗಳು" ಎಂದು ದಪ್ಪ ಅಕ್ಷರದಲ್ಲಿ ಚೀಟಿ ಅಂಟಿಸಿದರು. ಒಳಗಿದ್ದದ್ದು ಈಜಿಪ್ಟಿನ ಅಲೆಕ್ಸಾಂಡ್ರಿಯಾದ ನಾಣ್ಯಗಳು.

ಆ ಹೊತ್ತಿಗೆ ನಮ್ಮ ಕಚೇರಿಗೆ ಹೊಸ ಸಾಹೇಬರು ಬಂದಿದ್ದರು. ಪ್ರದರ್ಶನಕ್ಕೆ ಅತಿಥಿಯಾಗಿ ಹೋದವರು ಚೀಟಿ ಓದಿದರು, ನಾಣ್ಯ ನೋಡಲಿಲ್ಲ. ಹೊಂಡದಲ್ಲಿ ಸಿಕ್ಕಿದ್ದರಲ್ಲಿ ಒಂದು ಪಾಲನ್ನು ಹೆಂಗಸು ಬಚ್ಚಿಟ್ಟು ಮಾರಿದ್ದಾಳೆ ಎಂದು ಅಲ್ಲೇ ನಿಂತ ಕಾಲಲ್ಲಿ ತೀರ್ಮಾನ ಮಾಡಿ ಪೊಲೀಸರಿಗೆ ಫೋನು ಮಾಡಿದರು. ಮೇಜಿನ ಎದುರಿಗೇ ಕೂರುವ ನನ್ನನ್ನು ಒಂದು ಮಾತು ಕೇಳಲಿಲ್ಲ. ಪೊಲೀಸರು ಹಳ್ಳಿಗೆ ಹೋಗಿ ಚಿಕ್ಕತಾಯಮ್ಮನ ಮನೆಯ ರಾಗಿ ಮೂಟೆ ಸುರಿಸಿ, ದೇವರ ಗೂಡು ತೆಗೆಸಿ, ರೇಷ್ಮೆ ಹುಳುವಿನ ತಟ್ಟೆಗಳನ್ನು ಎಳೆದು ಬಿಸಾಡಿ ಹುಡುಕಿದರು. ಏನೂ ಸಿಗಲಿಲ್ಲ. ಸಿಗಲು ಏನಾದರೂ ಇದ್ದರಲ್ಲವೇ. ಜೀಪು ಹೋಯಿತು, ಮಾತು ಉಳಿಯಿತು. ಬೆಳ್ಳಿ ತೋರಿಸಿ ಚಿನ್ನ ಮುಚ್ಚಿಟ್ಟಳು ಎಂದು ಇಡೀ ಊರು ಆಡಿಕೊಂಡಿತು. ಡೇರಿಯಲ್ಲಿ ಹಾಲು ಹಾಕಲು ನಿಂತರೆ ಪಕ್ಕದವರು ಮಾತು ನಿಲ್ಲಿಸುತ್ತಿದ್ದರು.

ಸುದ್ದಿ ಕೇಳಿ ನಾನು ಮೊದಲು ಹೋದದ್ದು ಮರಿಸ್ವಾಮಿಯ ಮನೆಗೆ. ಚಪ್ಪಲಿಯನ್ನೂ ಬಿಡದೆ ಹಾಲಿಗೆ ನುಗ್ಗಿದೆ.

"ಆ ಚೀಟಿ ಯಾಕೆ ಬರೆದ್ರಿ?"

"ಅಯ್ಯೋ, ಕೂತ್ಕೊಳಿ ಮೇಡಂ. ನಮ್ಮ ಸೀಮೆಗೂ ಒಸಿ ಹೆಮ್ಮೆ ಇರ್ಲಿ ಅಂತ ಬರ್ದೆ. ಹೆಂಗೂ ರೋಮ್‌ನೋರ ಕಾಸು ಇಲ್ಲಿ ಸಿಕ್ಕೈತಲ್ಲ. ಅವೂ ರೋಮ್‌ನೋರ್ದೇ, ಇವೂ ರೋಮ್‌ನೋರ್ದೇ. ಏನ್ ಯತ್ಯಾಸ?"

ವ್ಯತ್ಯಾಸ ಏನು ಎಂದು ಕೂತು ವಿವರಿಸಿದೆ. ಅಲೆಕ್ಸಾಂಡ್ರಿಯಾದ ನಾಣ್ಯ ಈಜಿಪ್ಟಿನೊಳಗೆ ಮಾತ್ರ ನಡೆಯುತ್ತಿತ್ತು, ಬೆಳ್ಳಿ ಕಮ್ಮಿ, ತಾಮ್ರ ಜಾಸ್ತಿ. ಕೆನ್ನೆ ಗೀರಿ ಒಳಗಿನ ಬೆಳ್ಳಿ ನೋಡುತ್ತಿದ್ದ ನಮ್ಮವರು ಅಂಥದ್ದನ್ನು ಮೆಣಸಿಗೆ ಬದಲು ತೆಗೆದುಕೊಳ್ಳುತ್ತಿದ್ದರೇ? ಅದರ ಮೇಲಿದ್ದ ಮಣ್ಣು ಕೂಡ ಮರಳುಗಾಡಿನ ಹಳದಿ ಮಣ್ಣು, ನಮ್ಮ ಕೆಂಪು ನೆಲದ್ದಲ್ಲ. ಮರಿಸ್ವಾಮಿ ತಲೆಯಾಡಿಸಿದರು. ಎಲ್ಲ ಅವರಿಗೂ ಗೊತ್ತಿತ್ತು. "ತಪ್ಪಾಯ್ತು ಮೇಡಂ, ಚೀಟಿ ಕಿತ್ತಾಕ್ತೀನಿ," ಎಂದರು. ಚಿಕ್ಕತಾಯಮ್ಮನ ಊರಿಗೆ ಬಂದು ಈ ಮಾತು ಹೇಳಿ ಎಂದರೆ, "ಅದೊಂದ್ ಬ್ಯಾಡ ಮೇಡಂ. ಅಲ್ಲಿ ನಮ್ಗೊಂದು ಮರ್ವಾದೆ ಐತೆ," ಎಂದುಬಿಟ್ಟರು. ಇವರ ಮರ್ಯಾದೆ ಮರ್ಯಾದೆ, ಆಕೆಯದು ಏನು, ಕಾಲೊರೆಸುವ ಗೋಣಿಚೀಲವೇ?

ಸಾಹೇಬರ ಬಳಿ ಹೋದೆ. ಎಲ್ಲವನ್ನೂ ಸಮಾಧಾನದಿಂದ ಕೇಳಿದರು. ಇಂಥವರ ಸಮಾಧಾನವೇ ನನಗೆ ಆಗದು.

"ಇರಲಿ ಬಿಡಿ ಮೇಡಂ. ಕೇಸ್ ಏನೂ ಹಾಕಿಲ್ವಲ್ಲ, ವಿಚಾರಣೆ ಅಷ್ಟೇ."

"ಆಕೆಗೆ ಕೆಟ್ಟ ಹೆಸರು ಬಂದಿದೆ ಸಾರ್. ನೀವೊಮ್ಮೆ ಊರಿಗೆ ಬಂದು, ತಪ್ಪು ತಿಳುವಳಿಕೆ ಆಗಿತ್ತು, ಈಕೆ ಎಲ್ಲ ಕೊಟ್ಟಿದ್ದಾರೆ ಅಂತ ನಾಲ್ಕು ಜನರ ಎದುರು ಹೇಳಿ. ಸಾಕು."

"ಕಚೇರಿ ಹೋಗಿ ಕ್ಷಮೆ ಕೇಳೋಕಾಗುತ್ತೇನ್ರೀ? ನಾಳೆ ಎಲ್ಲರೂ ಕೇಳ್ತಾರೆ."

ಎಲ್ಲರೂ ಕೇಳಲಿ. ಎಲ್ಲರಿಗೂ ಹೀಗೆ ಮಾಡಿದ್ದರೆ ಎಲ್ಲರೂ ಕೇಳಬೇಕಾದ್ದೇ. ನಾನು ಬಾಗಿಲನ್ನು ಸ್ವಲ್ಪ ಜೋರಾಗಿಯೇ ಎಳೆದುಕೊಂಡು ಹೊರಬಂದೆ. ಅದಕ್ಕೊಂದು ನೋಟಿಸು ಬಂತು, ಉತ್ತರ ಕೊಡಲಿಲ್ಲ.

ಕೊನೆಗೆ ನಾನೊಬ್ಬಳೇ ಹಳ್ಳಿಗೆ ಹೋದೆ. ಮಾರಮ್ಮನ ಗುಡಿಯ ಕಟ್ಟೆಯ ಮೇಲೆ ಕೂತಿದ್ದ ಹಿರಿಯರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರಲ್ಲೊಬ್ಬರು ಬೀಡಿ ಆರಿಸಿ, "ನೀವು ಯೋಳೋದು ಸರಿನೇ ಇರ್ಬೋದು ಕಣಮ್ಮ. ಆದ್ರೆ ಪೊಲೀಸ್ನೋರು ಸುಮ್‌ಸುಮ್ನೆ ಬತ್ತಾರಾ? ಕಳುಸ್ದೋರು ಸಾಹೇಬ್ರು, ಅವ್ರೇ ಬಂದು ಯೋಳ್ಲಿ. ಇಲ್ಲಾಂದ್ರೆ ಚಿಕ್ಕತಾಯಿನೇ ಮಾರಮ್ಮನ ಮುಂದೆ ಆಣೆ ಮಾಡ್ಲಿ, ಅಲ್ಲಿಗೆ ಮುಗೀತು," ಎಂದರು.

ಸಾಹೇಬರು ಬರುವವರಲ್ಲ. ಆದ್ದರಿಂದ ಚಿಕ್ಕತಾಯಮ್ಮ ತಲೆಯ ಮೇಲೆ ನೀರು ಸುರಿದುಕೊಂಡು, ಒದ್ದೆ ಸೀರೆಯಲ್ಲಿ ಗುಡಿಯ ಬಾಗಿಲಿಗೆ ಬಂದು ಕರ್ಪೂರ ಹಚ್ಚಿದರು. "ಆ ಹೊಂಡದಲ್ಲಿದ್ದದ್ನೆಲ್ಲ ಸರ್ಕಾರಕ್ಕೆ ಕೊಟ್ಟಿವ್ನಿ. ಒಂದು ಬಿಲ್ಲೆನೂ ನಾನು ಮಡಿಕ್ಕೊಂಡಿಲ್ಲ. ಮಡಿಕ್ಕೊಂಡಿದ್ರೆ ತಾಯಿ ನನ್ನ ವಂಶ ತೆಗೀಲಿ," ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಉರಿಯುವ ಕರ್ಪೂರವನ್ನು ಅಂಗೈಯಿಂದ ಬಡಿದು ಆರಿಸಿದರು. ನಾನು ಅಲ್ಲೇ ನಿಂತಿದ್ದೆ. ಗೌರವದಿಂದ ಶಾಲು ಹೊದಿಸಬೇಕಾದ ಹೆಂಗಸನ್ನು ಒದ್ದೆ ಮೈಯಲ್ಲಿ ನಿಲ್ಲಿಸಿದ್ದರು. ಅಷ್ಟಾದರೂ ಬಾಯಿ ಮುಚ್ಚಿದ್ದು ಅರ್ಧ ಊರು ಮಾತ್ರ. ಉಳಿದರ್ಧ, ಎಂಥವರೂ ಆಣೆ ಮಾಡುತ್ತಾರೆ ಬಿಡು ಎಂದಿತು.

ಅದಾದ ಮೇಲೆ ನಾನು ನಿವೃತ್ತಳಾದೆ. ಸಾಹೇಬರು ಬಡ್ತಿ ಪಡೆದು ಹೋದರು. ಕೆಲವು ಮಳೆಗಾಲ ಕಳೆದ ಮೇಲೆ ಒಂದು ದಿನ ಚಿಕ್ಕತಾಯಮ್ಮನ ಮಗ ಫೋನು ಮಾಡಿ, "ಅವ್ವ ಕರೀತಾಳೆ ಮೇಡಂ, ಮಂಗಳವಾರ ಗುಡೀಲಿ ಪೂಜೆ ಐತೆ, ಬರ್ಲೇಬೇಕಂತೆ," ಎಂದ. ಹೋದೆ. ಗುಡಿಯ ಮುಂದೆ ಜನ ಸೇರಿದ್ದರು. ಒಳಗೆ ಮಾರಮ್ಮನ ಕರಿಕಲ್ಲಿನ ಮೂರ್ತಿಗೆ ಹೊಸ ಬೆಳ್ಳಿಯ ಮುಖ ಹಾಕಿದ್ದರು. ಅಗಲ ಹಣೆ, ದೊಡ್ಡ ಕಣ್ಣು, ಮೂಗುತಿ. ಯಾರು ಮಾಡಿಸಿಕೊಟ್ಟದ್ದು ಎಂದು ಕೇಳಿದೆ. "ಇನ್ಯಾರು, ನಮ್ಮ ಚಿಕ್ಕತಾಯಮ್ಮಾರು," ಎಂದ ಪೂಜಾರಿ.

ಚಿಕ್ಕತಾಯಮ್ಮ ನನ್ನ ಕೈ ಹಿಡಿದು ಗುಡಿಯ ಹಿಂದಿನ ಹೊಂಗೆ ಮರದಡಿಗೆ ಕರೆದೊಯ್ದು ಕೂರಿಸಿದರು. ಸುತ್ತ ನೋಡಿ, ದನಿ ತಗ್ಗಿಸಿ ಹೇಳಿದರು.

"ಮಳೆಗೆ ಹೊಂಡದ ದಡ ಕುಸ್ದೋಯ್ತು. ಅಲ್ಲಿ ಇನ್ನೊಂದು ಕುಡ್ಕೆ ಇತ್ತು ಮೇಡಮ್ಮೋರೆ. ಮೊದ್ಲಿಂದುಕ್ಕಿಂತ ದೊಡ್ದು."

ಗುಡಿಯೊಳಗಿನ ಬೆಳ್ಳಿಯ ಮುಖ ಯಾವುದರಿಂದ ಆದದ್ದು ಎಂದು ಅರ್ಥವಾಯಿತು. "ನನಗೊಂದು ಫೋನ್ ಮಾಡಬಾರದಿತ್ತೇ," ಎಂದೆ. ದನಿ ಏರಿತು.

"ಮಾಡಿದ್ರೆ ಏನಾಯ್ತಿತ್ತು ನೀವೇ ಯೋಳಿ. ಹೊಂಡದಲ್ಲಿದ್ದದ್ದೆಲ್ಲ ಕೊಟ್ಬುಟ್ಟಿವ್ನಿ ಅಂತ ಅಮ್ಮನ ಮುಂದೆ ಆಣೆ ಮಾಡಿವ್ನಿ. ಈಗ ಇನ್ನೊಂದು ಕುಡ್ಕೆ ತಗಂಡೋಗಿ ಕೊಟ್ರೆ, ನೋಡ್ರಪ್ಪ, ಬಚ್ಚಿಟ್ಟಿದ್ದು ಈಗ ಆಚೆಗ್ ಬಂತು, ಸುಳ್ಳು ಆಣೆ ಮಾಡ್ದೋಳು ಅಂತಾರೆ. ಮನೇಲಿ ಮಡಿಕ್ಕೊಂಡ್ರೆ ಆಣೆ ನಿಜವಾಗ್ಲೂ ಸುಳ್ಳಾಯ್ತದೆ. ತಿರ್ಗ ಮುಚ್ಚುದ್ರೆ ಇನ್ನೊಬ್ಬ ಜೆಸಿಬಿಯೋನು ತೆಗೀತಾನೆ. ಅಮ್ಮಂಗೇ ಕೊಟ್ಬುಟ್ಟೆ. ಅವಳ ಮೈಮೇಲಿರೋದ ಯಾವ ಪೊಲೀಸ್ನೋನು ಕೇಳಾನು?"

ನನಗೆ ಕಾನೂನು ಗೊತ್ತಿತ್ತು, ಇತಿಹಾಸ ಗೊತ್ತಿತ್ತು, ಆಕೆಗೆ ಹೇಳಬಹುದಾದ ಒಂದು ದಾರಿ ಗೊತ್ತಿರಲಿಲ್ಲ. ಆ ದಾರಿಯನ್ನು ನಮ್ಮ ಕಚೇರಿಯೇ ಮುಚ್ಚಿತ್ತು. ಸಾಹೇಬರು ಒಂದೇ ಒಂದು ಸಲ ಜೀಪು ಹತ್ತಿ ಬಂದು ಎರಡು ಮಾತು ಆಡಿದ್ದರೆ ಈ ಆಣೆಯೂ ಇರುತ್ತಿರಲಿಲ್ಲ, ಅಕ್ಕಸಾಲಿಯ ಕುಲುಮೆಯೂ ಉರಿಯುತ್ತಿರಲಿಲ್ಲ. ಎರಡು ಸಾವಿರ ವರ್ಷ ಮಣ್ಣು ಕಾಪಾಡಿದ್ದನ್ನು ನಾವು ಒಂದು ಫೋನ್ ಕರೆಯಲ್ಲಿ ಕರಗಿಸಿದೆವು. ಕಡೆಗೆ ಒಂದು ಪ್ರಶ್ನೆ ಮಾತ್ರ ಕೇಳಿದೆ. ಆ ಕಾಸುಗಳ ಮೇಲೆ ಏನಿತ್ತು? ಯಾರ ಮುಖ? ಹಿಂದೆ ಯಾವ ಚಿತ್ರ? ನೆನಪಿದ್ದಷ್ಟು ಹೇಳಿ.

"ನಾನು ನೋಡ್ಲಿಲ್ಲ ಕಣವ್ವ," ಎಂದರು ಚಿಕ್ಕತಾಯಮ್ಮ. "ಬೇಕಂತಲೇ ನೋಡ್ಲಿಲ್ಲ. ಕುಡ್ಕೆ ಬಾಯಿಗೆ ಬಟ್ಟೆ ಕಟ್ಟಿ ಹಂಗೇ ಆಚಾರಿ ಕೈಗೆ ಕೊಟ್ಟೆ. ನೋಡಿದ್ರೆ ನೀವು ಬಂದು ಕೇಳ್ತೀರ, ನಿಮ್ಗೆ ಸುಳ್ಳು ಯೋಳಕ್ಕಾಗಾಕಿಲ್ಲ."

ಒಳಗೆ ಮಂಗಳಾರತಿಯ ಗಂಟೆ ಶುರುವಾಯಿತು. ಚಿಕ್ಕತಾಯಮ್ಮ ಸೆರಗು ಸರಿಮಾಡಿಕೊಂಡು ಎದ್ದು ಹೋದರು. ಆಣೆ ಮಾಡು ಎಂದಿದ್ದವರೇ ಸರಿದು ನಿಂತು, ಅವರಿಗೆ ಮುಂದೆ ಜಾಗ ಬಿಟ್ಟರು.